ಕಾಸಿಂ ರಜ್ವಿ
ಸೈಯದ್ ಮಹಮ್ಮದ್ ಕಾಸಿಂ ರಜ್ವಿ (1902 – 1970) ಹೈದರಾಬಾದ್ ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಪ್ರಭಾವ ಹೊಂದಿದ್ದ ರಾಜಕಾರಣಿ ಹಾಗೂ ವಕೀಲರು. 1946ರ ಡಿಸೆಂಬರ್‌ನಿಂದ 1948ರ ಸೆಪ್ಟೆಂಬರ್‌ವರೆಗೆ ಇವರು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಅಧ್ಯಕ್ಷರಾಗಿದ್ದರು ಮತ್ತು ರಜಾಕಾರ್ ಎಂಬ ಸಶಸ್ತ್ರ ಸ್ವಯಂಸೇವಕ ದಳದ ಮುಖಂಡರಾಗಿದ್ದರು. ಹೈದರಾಬಾದ್ ಭಾರತದೊಂದಿಗೆ ವಿಲೀನವಾಗುವುದನ್ನು ವಿರೋಧಿಸಿ ಇವರು ಮಾಡಿದ ಬೆದರಿಕೆಯ ಭಾಷಣಗಳು ದೇಶದಾದ್ಯಂತ ಚರ್ಚೆಗೆ ಕಾರಣವಾದವು. ಇಂದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಒಳಗೊಂಡ ಹೈದರಾಬಾದ್ ಕರ್ನಾಟಕದ ಇತಿಹಾಸದಲ್ಲಿ ಇವರ ಹೆಸರು ರಜಾಕಾರರ ಹಾವಳಿಯೊಂದಿಗೆ ಬೆಸೆದುಕೊಂಡಿದೆ.

ಆರಂಭಿಕ ಜೀವನ

ರಜ್ವಿ ಉತ್ತರ ಭಾರತದ ಸಂಯುಕ್ತ ಪ್ರಾಂತದ ಮೂಲದವರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗ ಮಾಡಿ, ಹೈದರಾಬಾದ್ ಸಂಸ್ಥಾನದ ಮರಾಠವಾಡ ಭಾಗದಲ್ಲಿದ್ದ ಲಾತೂರಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಅಲ್ಲಿಯೇ ಇತ್ತೆಹಾದ್ ಪಕ್ಷದ ಕಾರ್ಯಕರ್ತರಾಗಿ ಸಾರ್ವಜನಿಕ ಜೀವನ ಪ್ರವೇಶಿಸಿದರು. ಆ ಪಕ್ಷದ ಪ್ರಸಿದ್ಧ ನಾಯಕ ಬಹಾದುರ್ ಯಾರ್ ಜಂಗ್ 1944ರಲ್ಲಿ ನಿಧನರಾದ ಮೇಲೆ ಪಕ್ಷದಲ್ಲಿ ಉಗ್ರವಾದಿ ಗುಂಪಿನ ಕೈ ಮೇಲಾಯಿತು. ಆ ಗುಂಪಿನ ಬೆಂಬಲದಿಂದ ರಜ್ವಿ 1946ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಪದವಿಗೇರಿದರು.

ಹೈದರಾಬಾದ್ ಸಂಸ್ಥಾನದ ಸ್ಥಿತಿ

ಹೈದರಾಬಾದ್ ಭಾರತದ ದೊಡ್ಡ ದೇಶೀಯ ಸಂಸ್ಥಾನಗಳಲ್ಲೊಂದು. 1941ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 1 ಕೋಟಿ 60 ಲಕ್ಷ. ತೆಲಂಗಾಣ, ಮರಾಠವಾಡ ಹಾಗೂ ಬೀದರ್, ಗುಲ್ಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಜನರಲ್ಲಿ ಬಹುಸಂಖ್ಯಾತರು ಹಿಂದೂಗಳಾಗಿದ್ದರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರದು ನಿರಂಕುಶ ಪ್ರಭುತ್ವ. ಜವಾಬ್ದಾರಿ ಸರ್ಕಾರಕ್ಕಾಗಿ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ನಡೆಸಿದ ಚಳವಳಿಯನ್ನು ಸರ್ಕಾರ ದಮನ ಮಾಡಿತ್ತು.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ನಿಜಾಮರು ಯಾವ ಒಕ್ಕೂಟಕ್ಕೂ ಸೇರದೆ ಸ್ವತಂತ್ರವಾಗಿ ಉಳಿಯಲು ಬಯಸಿದರು. ಆದರೆ ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲ. ನಾಲ್ಕೂ ದಿಕ್ಕುಗಳಲ್ಲಿ ಭಾರತದ ನೆಲವೇ ಇತ್ತು. ರೈಲು, ಇಂಧನ, ಔಷಧ, ಶಸ್ತ್ರಾಸ್ತ್ರ ಎಲ್ಲವೂ ಆ ನೆಲವನ್ನು ದಾಟಿಯೇ ಬರಬೇಕಿತ್ತು. ಒಂಟಿಯಾಗಿ ನಿಂತ ಈ ಪ್ರಭುತ್ವದ ಪರವಾಗಿ ಅತ್ಯಂತ ಗಟ್ಟಿಯಾದ ದನಿಯಲ್ಲಿ ಮಾತನಾಡಿದವರು ರಜ್ವಿ.

ಅಧಿಕಾರದ ಮೇಲೆ ಹಿಡಿತ

ಭಾರತದೊಂದಿಗೆ ಒಪ್ಪಂದ ಮಾಡಿಕೊಳ್ಳಲು ನಿಜಾಮರ ನಿಯೋಗವು 1947ರ ಅಕ್ಟೋಬರ್ 27ರಂದು ದೆಹಲಿಗೆ ಹೊರಡಬೇಕಿತ್ತು. ಆ ದಿನ ನಸುಕಿನಲ್ಲಿ ಸಾವಿರಾರು ಜನರು ನಿಯೋಗದ ಸದಸ್ಯರ ಮನೆಗಳನ್ನು ಮುತ್ತಿ ಪ್ರಯಾಣವನ್ನು ತಡೆದರು. ಛತ್ತಾರಿಯ ನವಾಬರು ಪ್ರಧಾನಮಂತ್ರಿ ಹುದ್ದೆಯನ್ನು ತ್ಯಜಿಸಿದರು. ಹೊಸ ನಿಯೋಗದ ಮೂಲಕ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾಯಿತು. ಮೀರ್ ಲಾಯಕ್ ಅಲಿ ಪ್ರಧಾನಮಂತ್ರಿಯಾದರು. ಸರ್ಕಾರದಲ್ಲಿ ಯಾವುದೇ ಹುದ್ದೆ ಇಲ್ಲದಿದ್ದರೂ ರಜ್ವಿ ಅದರ ನೀತಿಯನ್ನು ನಿರ್ಧರಿಸುವ ಸ್ಥಾನಕ್ಕೆ ಬಂದರು. ಇದೇ ವೇಳೆಯಲ್ಲಿ ರಜಾಕಾರ್ ದಳವು ಹಳ್ಳಿಹಳ್ಳಿಗೆ ಹರಡಿತು. ಅದರ ಸಂಖ್ಯೆ ಎರಡು ಲಕ್ಷವೆಂಬ ಮಾತು ಪ್ರಚಾರದಲ್ಲಿತ್ತು. ಆದರೆ ಅದರಲ್ಲಿ ತರಬೇತಿ ಪಡೆದು ಆಧುನಿಕ ಬಂದೂಕು ಹಿಡಿದವರು ಕಡಿಮೆ.

ಬೆದರಿಕೆಯ ಭಾಷಣಗಳು

1948ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ರಜ್ವಿಯವರ ಭಾಷಣಗಳ ವರದಿಗಳು ಪತ್ರಿಕೆಗಳಲ್ಲಿ ಪ್ರಕಟವಾದವು. ಅವುಗಳಲ್ಲಿ ಮೂರು ಬಗೆಯ ಬೆದರಿಕೆಗಳು ಕಾಣುತ್ತವೆ. ಮೊದಲನೆಯದು, ದೆಹಲಿಯ ಕೆಂಪುಕೋಟೆಯ ಮೇಲೆ ಆಸಫ್ ಜಾಹಿ ಧ್ವಜ ಹಾರಿಸುವುದು ಮತ್ತು ನಿಜಾಮರ ರಾಜ್ಯವನ್ನು ಬಂಗಾಳ ಕೊಲ್ಲಿಯವರೆಗೆ ವಿಸ್ತರಿಸುವುದು. ಎರಡನೆಯದು, ಯುದ್ಧ ಆರಂಭವಾದರೆ ಭಾರತದಲ್ಲಿರುವ ಕೋಟ್ಯಂತರ ಮುಸ್ಲಿಮರು ಹೈದರಾಬಾದಿನ ಪರ ಏಳುತ್ತಾರೆ ಎಂಬುದು. ಮೂರನೆಯದು, ಭಾರತೀಯ ಸೈನ್ಯ ಒಳನುಗ್ಗಿದರೆ ಸಂಸ್ಥಾನದೊಳಗಿನ ಹಿಂದೂ ಪ್ರಜೆಗಳು ಬದುಕುಳಿಯುವುದಿಲ್ಲ ಎಂಬ ಸೂಚನೆ. ಭಾರತ ಸರ್ಕಾರ ಆಕ್ಷೇಪಿಸಿದಾಗ ಹೈದರಾಬಾದ್ ಸರ್ಕಾರವು ವರದಿಗಳನ್ನು ನಿರಾಕರಿಸಿತು. ಆದರೆ ಭಾಷಣಗಳು ನಿಲ್ಲಲಿಲ್ಲ.

ದೆಹಲಿಯ ಲೆಕ್ಕಾಚಾರ

ಈ ಮಾತುಗಳಿಗೆ ಎಷ್ಟು ಬೆಲೆ ಕೊಡಬೇಕೆಂಬ ವಿಷಯದಲ್ಲಿ ದೆಹಲಿಯಲ್ಲಿ ಒಮ್ಮತವಿರಲಿಲ್ಲ. 1948ರ ಜೂನ್‌ವರೆಗೆ ಗವರ್ನರ್ ಜನರಲ್ ಆಗಿದ್ದ ಮೌಂಟ್‌ಬ್ಯಾಟನ್ ಸಂಧಾನದ ಪರವಾಗಿದ್ದರು. ಸೇನಾ ಕ್ರಮವು ಇಡೀ ದೇಶದಲ್ಲಿ ಕೋಮು ಗಲಭೆಗೆ ಕಾರಣವಾಗಬಹುದೆಂಬ ಆತಂಕ ಪ್ರಧಾನಿ ಜವಾಹರಲಾಲ್ ನೆಹರು ಅವರಿಗಿತ್ತು. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿರುವಾಗ ಇನ್ನೊಂದು ರಣರಂಗ ತೆರೆಯಲು ಸೇನಾಪತಿ ಜನರಲ್ ರಾಯ್ ಬುಚರ್ ಹಿಂಜರಿದರು. ಗೃಹಮಂತ್ರಿ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಅವರ ಕಾರ್ಯದರ್ಶಿ ವಿ.ಪಿ. ಮೆನನ್, ತಡ ಮಾಡಿದಷ್ಟೂ ಹೈದರಾಬಾದಿನ ಶಸ್ತ್ರಸಂಗ್ರಹ ಹೆಚ್ಚುತ್ತದೆ ಎಂದು ಭಾವಿಸಿದ್ದರು. ಹೈದರಾಬಾದಿನಲ್ಲಿ ಭಾರತದ ಏಜೆಂಟ್ ಜನರಲ್ ಆಗಿದ್ದ ಕೆ.ಎಂ. ಮುನ್ಷಿ ಸಂಸ್ಥಾನದೊಳಗಿನ ಸ್ಥಿತಿಯನ್ನು ವರದಿ ಮಾಡುತ್ತಿದ್ದರು.

ಹೈದರಾಬಾದಿನ ನಿಜವಾದ ಬಲವನ್ನು ಅಳೆಯುವುದು ಸುಲಭವಿರಲಿಲ್ಲ. ಸಂಸ್ಥಾನವು ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ನೀಡಿತ್ತು. ಆಸ್ಟ್ರೇಲಿಯಾದ ವಿಮಾನ ಚಾಲಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರಿ ವೇಳೆ ವಿಮಾನಗಳಲ್ಲಿ ಶಸ್ತ್ರಗಳನ್ನು ತರುತ್ತಿದ್ದರು. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತು. ಇಷ್ಟಾದರೂ ಸೈನ್ಯದಲ್ಲಿದ್ದವರು ಸುಮಾರು 22 ಸಾವಿರ. ಟ್ಯಾಂಕ್ ಹಾಗೂ ಯುದ್ಧವಿಮಾನಗಳಲ್ಲಿ ಭಾರತವನ್ನು ಎದುರಿಸುವ ಶಕ್ತಿ ಅದಕ್ಕೆ ಇರಲಿಲ್ಲ.

ಕೊಪ್ಪಳ ಸೀಮೆಯಲ್ಲಿ

ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾಗಳು ರಾಯಚೂರು ಜಿಲ್ಲೆಯ ಭಾಗವಾಗಿದ್ದವು. ಇವುಗಳಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಈ ಸೀಮೆ ಸಂಸ್ಥಾನದ ಅಂಚಿನಲ್ಲಿತ್ತು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಮುಂಡರಗಿ, ಗಜೇಂದ್ರಗಡಗಳು. ದಕ್ಷಿಣಕ್ಕೆ ತುಂಗಭದ್ರೆಯ ಆಚೆ ಮದ್ರಾಸ್ ಪ್ರಾಂತದ ಹೊಸಪೇಟೆ, ಕಂಪ್ಲಿಗಳು. ಹೊಳೆಯ ಒಂದು ದಡದಲ್ಲಿ ತ್ರಿವರ್ಣ ಧ್ವಜ ಹಾರಾಡುತ್ತಿದ್ದರೆ ಇನ್ನೊಂದು ದಡದಲ್ಲಿ ಅದನ್ನು ಹಾರಿಸುವುದು ಅಪರಾಧವಾಗಿತ್ತು.

ದೆಹಲಿಯವರಿಗೆ ರಜ್ವಿಯವರ ಭಾಷಣ ವೃತ್ತಪತ್ರಿಕೆಯ ಸುದ್ದಿಯಾಗಿತ್ತು. ಗಡಿಯ ಹಳ್ಳಿಗಳಲ್ಲಿ ಅದು ಮನೆ ಬಾಗಿಲಿಗೆ ಬಂದ ಅಪಾಯ. ಸುಲಿಗೆ, ಮನೆಗಳಿಗೆ ಬೆಂಕಿ, ಹಲ್ಲೆಗಳಿಗೆ ಹೆದರಿ ಅನೇಕ ಕುಟುಂಬಗಳು ಗಡಿ ದಾಟಿ ಆಶ್ರಯ ಪಡೆದವು. ಗಡಿಯಾಚೆ ಸ್ವಾತಂತ್ರ್ಯ ಹೋರಾಟಗಾರರ ಶಿಬಿರಗಳು ಹುಟ್ಟಿಕೊಂಡವು. ಮುಂಡರಗಿ ಶಿಬಿರದ ಮುಂದಾಳತ್ವವನ್ನು ಕೊಪ್ಪಳ ತಾಲ್ಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಯವರು ವಹಿಸಿದರು. ಗಜೇಂದ್ರಗಡ ಶಿಬಿರದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಪ್ರಮುಖರಾಗಿದ್ದರು. ಶಿಬಿರದ ಯುವಕರು ಗಡಿಯ ಕರೋಡಗಿರಿ ನಾಕೆಗಳು ಮತ್ತು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ರಜಾಕಾರರನ್ನು ಎದುರಿಸಿದರು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವು ಇಡೀ ಹೈದರಾಬಾದ್ ಕರ್ನಾಟಕವನ್ನು ತಲ್ಲಣಗೊಳಿಸಿತು.

ವಿಲೀನವನ್ನು ಬೆಂಬಲಿಸಿದ ಮುಸ್ಲಿಮರೂ ಅಪಾಯದಿಂದ ಹೊರತಾಗಿರಲಿಲ್ಲ. ಭಾರತದೊಂದಿಗೆ ಸೇರಬೇಕೆಂದು ಬರೆಯುತ್ತಿದ್ದ ಉರ್ದು ಪತ್ರಿಕೆ ಇಮ್ರೋಜ್‌ನ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ನಗರದಲ್ಲಿ ಕೊಲೆ ಮಾಡಲಾಯಿತು.

ಪೊಲೀಸ್ ಕಾರ್ಯಾಚರಣೆ

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. ಆಪರೇಷನ್ ಪೋಲೋ ಎಂಬ ಹೆಸರಿನ ಈ ಕಾರ್ಯಾಚರಣೆ ಜನರಲ್ಲಿ ಪೊಲೀಸ್ ಕಾರ್ಯಾಚರಣೆ ಎಂದೇ ಪ್ರಸಿದ್ಧವಾಗಿದೆ. ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದಲ್ಲಿ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೂಲಕ ಮುನ್ನಡೆಯಿತು. ದಕ್ಷಿಣದಲ್ಲಿ ಹೊಸಪೇಟೆಯ ಬಳಿ ಮೈಸೂರು ಪದಾತಿದಳವು ಸಕ್ಕರೆ ಕಾರ್ಖಾನೆಯೊಂದನ್ನು ವಶಪಡಿಸಿಕೊಂಡರೆ, ಗೂರ್ಖಾ ತುಕಡಿ ತುಂಗಭದ್ರೆಯ ಸೇತುವೆಯನ್ನು ಹಿಡಿಯಿತು. ಸೆಪ್ಟೆಂಬರ್ 17ರಂದು ನಿಜಾಮರು ಯುದ್ಧವಿರಾಮ ಘೋಷಿಸಿದರು. ಸಂಸ್ಥಾನದ ಸೇನಾಪತಿ ಮೇಜರ್ ಜನರಲ್ ಎಲ್ ಎದ್ರೂಸ್ ಶರಣಾದರು. ತಿಂಗಳುಗಟ್ಟಲೆ ನಡೆಯಬಹುದೆಂದು ಕೆಲವರು ಅಂಜಿದ್ದ ಯುದ್ಧ ಐದು ದಿನಗಳಲ್ಲಿ ಮುಗಿದಿತ್ತು.

ಆದರೆ ಹಿಂಸೆ ಅಲ್ಲಿಗೆ ಕೊನೆಗೊಳ್ಳಲಿಲ್ಲ. ರಜಾಕಾರರ ಮೇಲಿನ ಸೇಡು ಸಾಮಾನ್ಯ ಮುಸ್ಲಿಮರ ಮೇಲೆ ತಿರುಗಿತು. ಭಾರತ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿಯು ಕಾರ್ಯಾಚರಣೆಯ ವೇಳೆ ಮತ್ತು ನಂತರ 27 ಸಾವಿರದಿಂದ 40 ಸಾವಿರ ಜನರು ಸತ್ತಿರಬಹುದೆಂದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್ ಜಿಲ್ಲೆಗಳಲ್ಲಿ ಹಾನಿ ಹೆಚ್ಚಾಗಿತ್ತು. ಈ ವರದಿ ಬಹುಕಾಲ ಪ್ರಕಟವಾಗಲಿಲ್ಲ.

ಬಂಧನ ಮತ್ತು ಕೊನೆಯ ದಿನಗಳು

ಕಾರ್ಯಾಚರಣೆಯ ಬೆನ್ನಲ್ಲೇ ರಜ್ವಿಯವರನ್ನು ಬಂಧಿಸಲಾಯಿತು ಮತ್ತು ರಜಾಕಾರ್ ದಳವನ್ನು ವಿಸರ್ಜಿಸಲಾಯಿತು. ಕೆಂಪುಕೋಟೆಯ ಮಾತನಾಡಿದ್ದ ನಾಯಕರಿಗೆ ಶಿಕ್ಷೆಯಾದದ್ದು ಒಂದು ಹಳ್ಳಿಯ ಮೇಲಿನ ದಾಳಿಗಾಗಿ. 1948ರ ಜನವರಿಯಲ್ಲಿ ತೆಲಂಗಾಣದ ಬೀಬಿನಗರದಲ್ಲಿ ನಡೆದ ಡಕಾಯಿತಿ ಪ್ರಕರಣದಲ್ಲಿ ವಿಶೇಷ ನ್ಯಾಯಮಂಡಳಿಯು ಅವರನ್ನು ದೋಷಿಯೆಂದು ತೀರ್ಮಾನಿಸಿತು. ಮೇಲ್ಮನವಿಯನ್ನು 1953ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. 1957ರಲ್ಲಿ ಬಿಡುಗಡೆಯಾದ ರಜ್ವಿ ಪಕ್ಷದ ಹೊಣೆಯನ್ನು ಅಬ್ದುಲ್ ವಾಹಿದ್ ಓವೈಸಿ ಅವರಿಗೆ ವಹಿಸಿ ಪಾಕಿಸ್ತಾನಕ್ಕೆ ತೆರಳಿದರು. ಅಲ್ಲಿ ರಾಜಕೀಯದಿಂದ ದೂರ ಉಳಿದು, 1970ರ ಜನವರಿಯಲ್ಲಿ ಕರಾಚಿಯಲ್ಲಿ ನಿಧನರಾದರು.

ಮೌಲ್ಯಮಾಪನ

ರಜ್ವಿಯವರ ಮೂರು ಬೆದರಿಕೆಗಳಿಗೆ ಒಂದೇ ಬಗೆಯ ಫಲಿತಾಂಶ ಇರಲಿಲ್ಲ. ಕೆಂಪುಕೋಟೆಯ ಮಾತಿನ ಹಿಂದೆ ಅದಕ್ಕೆ ಬೇಕಾದ ಸೈನ್ಯವಿರಲಿಲ್ಲ. ಭಾರತದ ಮುಸ್ಲಿಮರು ದಂಗೆ ಏಳಲಿಲ್ಲ. ಆದರೆ ಒಳನಾಡಿನ ಪ್ರಜೆಗಳ ಮೇಲಿನ ಬೆದರಿಕೆ ಪೊಳ್ಳಾಗಿರಲಿಲ್ಲ. ಅದನ್ನು ನಡೆಸಲು ಯುದ್ಧವಿಮಾನ ಬೇಕಿರಲಿಲ್ಲ, ಕತ್ತಿ ಮತ್ತು ನಾಡಬಂದೂಕು ಸಾಕಾಗಿದ್ದವು. ಹೀಗಾಗಿ ಬಡಾಯಿ ಎಂದು ಪೂರ್ತಿ ತಳ್ಳಿಹಾಕಿದ್ದರೂ, ಅಕ್ಷರಶಃ ಪೂರ್ತಿ ನಂಬಿದ್ದರೂ ಅಂದಾಜು ತಪ್ಪುತ್ತಿತ್ತು.

ಒಂಟಿಯಾಗಿ ನಿಂತ ಸರ್ವಾಧಿಕಾರಗಳ ಬೆದರಿಕೆಯನ್ನು ತೂಗುವ ಪ್ರಶ್ನೆ ನಂತರದ ಕಾಲದಲ್ಲೂ ಉಳಿದಿದೆ. 2006ರಿಂದ 2017ರವರೆಗೆ ಆರು ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿದ ಉತ್ತರ ಕೊರಿಯಾದ ವಿಷಯದಲ್ಲಿ ಶಸ್ತ್ರಬಲವು ಬರಿಯ ಮಾತಲ್ಲ; ಆದ್ದರಿಂದ ಹೈದರಾಬಾದಿನ ಐದು ದಿನಗಳನ್ನು ಅಲ್ಲಿಗೆ ಮಾದರಿಯಾಗಿ ಅನ್ವಯಿಸಲಾಗದು. ಆದರೂ ಮಾತು, ಸಾಮರ್ಥ್ಯ ಮತ್ತು ಬೆದರಿಸುವವರ ಕೈಗೆ ಹತ್ತಿರವಿರುವ ಜನ, ಈ ಮೂರನ್ನೂ ಬೇರೆಬೇರೆಯಾಗಿ ನೋಡುವ ಅಗತ್ಯವನ್ನು ರಜ್ವಿಯವರ ಪ್ರಕರಣ ತೋರಿಸುತ್ತದೆ.

ಕೊಪ್ಪಳ ಸೀಮೆ 1956ರಲ್ಲಿ ರಾಯಚೂರು ಜಿಲ್ಲೆಯೊಂದಿಗೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ನಾಲ್ಕು ತಾಲ್ಲೂಕುಗಳ ಪ್ರತ್ಯೇಕ ಜಿಲ್ಲೆಯಾಯಿತು. ಈ ಭಾಗದಲ್ಲಿ ಆಗಸ್ಟ್ 15ರ ಜೊತೆಗೆ ಸೆಪ್ಟೆಂಬರ್ 17ರಂದು ಸಹ ರಾಷ್ಟ್ರಧ್ವಜ ಹಾರಿಸಿ ವಿಮೋಚನೆಯನ್ನು ಸ್ಮರಿಸಲಾಗುತ್ತದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಈ ದಿನವನ್ನು ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದು ಆಚರಿಸಲಾಗುತ್ತಿದೆ.