ಮಹಾವೀರಾಚಾರ್ಯರ ಸಂಖ್ಯಾಹಾರ



ಓಬಳಾಪುರದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುತ್ತಾರೆ. ಕನ್ನಡದಲ್ಲಿ ಕಥೆ, ಪದ ಬಿಟ್ಟರೆ ಲೆಕ್ಕ, ವಿಜ್ಞಾನ ಏನಿದೆ ಎಂದು ಅವರು ಕೇಳಿದರೆ ಹಿರಿಯರಾದ ನಾವು ತಡಬಡಾಯಿಸಬಾರದು. ಅದಕ್ಕಾಗಿ ಈ ಸಲ ಮಹಾವೀರಾಚಾರ್ಯರ ಪರಿಚಯ.

ಮಹಾವೀರಾಚಾರ್ಯರು 9ನೇ ಶತಮಾನದ ಜೈನ ಗಣಿತಜ್ಞರು. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಜ್ಯವಾಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಸುಮಾರು ಕ್ರಿ.ಶ. 850ರಲ್ಲಿ ಅವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು. ಅಲ್ಲಿಯವರೆಗೆ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿತ್ತು. ಇವರು ಗಣಿತಕ್ಕೇ ಒಂದು ಪೂರ್ತಿ ಗ್ರಂಥ ಬರೆದರು. ವ್ಯಾಪಾರ, ಸಂಗೀತ, ಅಡುಗೆ, ವೈದ್ಯ, ಮನೆ ಕಟ್ಟುವ ಕೆಲಸ ಎಲ್ಲಕ್ಕೂ ಲೆಕ್ಕ ಬೇಕೆಂದು ಮೊದಲಲ್ಲೇ ಹೇಳಿದರು.

ನಾವು ಕೋಟಿಗೇ ನಿಲ್ಲುತ್ತೇವೆ. ಅವರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ 1ರ ಮುಂದೆ 23 ಸೊನ್ನೆ.

ಕಂಠಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆಗಳೆಂದರೆ ಅವರಿಗೆ ಪ್ರೀತಿ. 139ನ್ನು 109ರಿಂದ ಗುಣಿಸಿದರೆ 15151. 2,79,94,681ನ್ನು 441ರಿಂದ ಗುಣಿಸಿದರೆ 12,34,56,54,321. ಅಂದರೆ 1,234 ಕೋಟಿ 56 ಲಕ್ಷ 54 ಸಾವಿರದ 321. ಇದರಲ್ಲಿ ಅಂಕಿಗಳು 1ರಿಂದ 6ರವರೆಗೆ ಏರಿ ಮತ್ತೆ 1ಕ್ಕೆ ಇಳಿಯುತ್ತವೆ. 11 ಅಂಕಿಗಳ ಈ ಸಂಖ್ಯೆ ಆಚಾರ್ಯರ ಪಟ್ಟಿಯಲ್ಲಿ ಅರ್ಬುದ ಸ್ಥಾನ ಮುಟ್ಟುತ್ತದೆ. ಇದು ಬೆಸಸಂಖ್ಯೆ, 1,11,111ರ ವರ್ಗವಾದ್ದರಿಂದ ಪೂರ್ಣವರ್ಗವೂ ಹೌದು. 1,11,111 ಎಂದರೆ 3, 7, 11, 13, 37ರ ಗುಣಲಬ್ಧ. ಆದ್ದರಿಂದ ಈ ಐದು ಅವಿಭಾಜ್ಯ ಸಂಖ್ಯೆಗಳೂ ನಮ್ಮ ಹಾರದಲ್ಲಿ ಎರಡೆರಡು ಸಲ ಪೋಣಿಸಿಕೊಂಡಿವೆ. ವರ್ಷಗಟ್ಟಲೆ ಲೆಡ್ಜರ್ ಕೂಡಿದ ನಾವು ಕಾಗದದ ಮೇಲೆ ಗುಣಿಸಿ ತಾಳೆ ನೋಡಿದೆವು, ಒಂದಂಕಿಯೂ ತಪ್ಪಿಲ್ಲ.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಬರೆದರು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದ ಅವರ ಮಾತನ್ನು ಮಾತ್ರ ಇಂದಿನ ಗಣಿತ ಒಪ್ಪುವುದಿಲ್ಲ. ಅದರಿಂದ ಅವರ ಹಿರಿಮೆಗೆ ಕುಂದಿಲ್ಲ.

ಗಡಿಯಲ್ಲಿರುವ ನಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಕನ್ನಡ ನಾಡಿನ ದೊರೆಯ ಆಶ್ರಯದಲ್ಲಿ ಹುಟ್ಟಿದ ಈ ಗ್ರಂಥವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಹೊರಜಗತ್ತೂ ಆಚಾರ್ಯರನ್ನು ಅರಿಯಿತು. ನಮ್ಮ ಮಕ್ಕಳು ಯಾವ ಮಾಧ್ಯಮದಲ್ಲೇ ಓದಲಿ, ಈ ಆಸ್ತಿಗೆ ಅವರೂ ವಾರಸುದಾರರು.

ಮುಂದಿನ ಸಭೆಗೆ ಬರುವಾಗ ಮಕ್ಕಳ ಕೈಯಲ್ಲಿ 1,52,207ನ್ನು 73ರಿಂದ ಗುಣಿಸಿಸಿ ಕರೆತನ್ನಿ. ಬರುವ ಉತ್ತರವೂ ಒಂದು ಹಾರವೇ.

– ಕಾರ್ಯದರ್ಶಿ