ನಕ್ಷತ್ರಗಳ ಕೊನೆಯನ್ನು ಕಂಡ ಚಂದ್ರಶೇಖರ್

ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೧೦ರ ಅಕ್ಟೋಬರ್ ೧೯ರಂದು ಲಾಹೋರಿನಲ್ಲಿ ಜನಿಸಿದರು. ಸರ್ ಸಿ. ವಿ. ರಾಮನ್ನರು ಇವರ ಚಿಕ್ಕಪ್ಪ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ೧೯೩೦ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟರು. ಇಂಧನ ತೀರಿದ ನಕ್ಷತ್ರವು ಕುಗ್ಗಿ ಶ್ವೇತಕುಬ್ಜವಾಗಿ ಉಳಿಯುವುದೆಂದು ಆಗ ವಿದ್ವಾಂಸರು ನಂಬಿದ್ದರು. ಹತ್ತೊಂಬತ್ತರ ಈ ತರುಣರು ಹಡಗಿನಲ್ಲಿಯೇ ಲೆಕ್ಕಕ್ಕೆ ತೊಡಗಿ, ಶ್ವೇತಕುಬ್ಜದ ದ್ರವ್ಯರಾಶಿಗೆ ಒಂದು ಮಿತಿಯುಂಟೆಂಬುದನ್ನು ಕಂಡುಕೊಂಡರು. ಆ ಮಿತಿ ಸೂರ್ಯನ ದ್ರವ್ಯರಾಶಿಯ ಸುಮಾರು ೧.೪ರಷ್ಟು. ಅದನ್ನು ಮೀರಿದ ಕಾಯವು ಇನ್ನೂ ಕುಗ್ಗಲೇಬೇಕು.

೧೯೩೫ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಖಗೋಳ ಸಂಘದಲ್ಲಿ ಅವರು ಇದನ್ನು ಮಂಡಿಸಿದರು. ವಿಶ್ವವಿಖ್ಯಾತರಾದ ಎಡಿಂಗ್ಟನ್ನರು ಅದೇ ಸಭೆಯಲ್ಲಿ ಎದ್ದುನಿಂತು ಅದನ್ನು ಪರಿಹಾಸ ಮಾಡಿದರು. ಚಂದ್ರಶೇಖರರು ನೊಂದರು, ಆದರೆ ದ್ವೇಷ ಸಾಧಿಸಲಿಲ್ಲ, ತಮ್ಮ ಗಣಿತವನ್ನೂ ಬಿಟ್ಟುಕೊಡಲಿಲ್ಲ. ೧೯೩೭ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿ ಸಂಶೋಧನೆಯಲ್ಲಿ ಮುಳುಗಿದರು.

ಆಕಾಶವೇ ಅವರ ಪರವಾಗಿ ಸಾಕ್ಷಿ ನುಡಿಯಿತು. ಬಾಹ್ಯಾಕಾಶದ ಎಕ್ಸ್-ಕಿರಣಗಳನ್ನು ನಮ್ಮ ವಾಯುಮಂಡಲವು ತಡೆಯುತ್ತದೆ. ೧೯೬೨ರಲ್ಲಿ ರಾಕೆಟ್ಟೊಂದು ಮೇಲೇರಿ, ವೃಶ್ಚಿಕ ರಾಶಿಯ ಕಡೆಯಿಂದ ಬರುವ ಪ್ರಬಲ ಎಕ್ಸ್-ಕಿರಣಗಳನ್ನು ಗುರುತಿಸಿತು. ಮುಂದೆ ಇಂಥ ಅನೇಕ ಆಕರಗಳು ದೊರೆತವು. ಮಿತಿ ಮೀರಿ ಕುಸಿದ ನಕ್ಷತ್ರವು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗಿ, ಜೊತೆಯ ನಕ್ಷತ್ರದ ಅನಿಲವನ್ನು ಸೆಳೆಯುತ್ತದೆ. ಆ ಅನಿಲವು ಸುಳಿಯಾಗಿ ಒಳಬೀಳುವಾಗ ಲಕ್ಷಾಂತರ ಡಿಗ್ರಿಗಳಷ್ಟು ಕಾದು ಎಕ್ಸ್-ಕಿರಣಗಳನ್ನು ಸೂಸುತ್ತದೆ. ಕಣ್ಣಿಗೆ ಕಾಣದ ಕಪ್ಪುಕುಳಿಯ ಇರವು ತಿಳಿಯುವುದು ಹೀಗೆ.

೧೯೮೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ೧೯೯೫ರಲ್ಲಿ ಅವರು ನಿಧನರಾದರು. ೧೯೯೯ರಲ್ಲಿ ಬಾಹ್ಯಾಕಾಶಕ್ಕೆ ಏರಿದ ಎಕ್ಸ್-ಕಿರಣ ದೂರದರ್ಶಕಕ್ಕೆ ‘ಚಂದ್ರ’ ಎಂದು ಹೆಸರಿಡಲಾಯಿತು. ಒಂದು ಸಭೆ ನಕ್ಕು ತಳ್ಳಿದ ಸತ್ಯವನ್ನು ಅರ್ಧ ಶತಮಾನದ ತಾಳ್ಮೆ ಗೆಲ್ಲಿಸಿತು.