ಮುಸುಕಿನ ಜೋಳದ ಚುಕ್ಕೆಗಳನ್ನು ಓದಿದ ಬಾರ್ಬರಾ ಮೆಕ್ಲಿಂಟಾಕ್

ರೈತ ಬಾಂಧವರೇ, ಹಳದಿ ಮುಸುಕಿನ ಜೋಳದ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಕಂಡರೆ ಅದು ಸಾಮಾನ್ಯವಾಗಿ ಪಕ್ಕದ ಹೊಲದ ಪರಾಗದ ಪರಿಣಾಮವೆಂದು ನೀವು ಬಲ್ಲಿರಿ. ಆದರೆ ಒಂದೇ ಕಾಳಿನ ಮೇಲೆ ನೇರಳೆ ಚುಕ್ಕೆಗಳು ಸಿಡಿದಂತಿದ್ದರೆ ಕಾರಣ ಬೇರೆಯೇ ಇರುತ್ತದೆ. ಅದನ್ನು ಕಂಡುಹಿಡಿದವರು ಬಾರ್ಬರಾ ಮೆಕ್ಲಿಂಟಾಕ್.

1902ರ ಜೂನ್ 16ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಜನಿಸಿದ ಇವರು, ಓದಿದ ಹೆಣ್ಣಿಗೆ ವರ ದೊರೆಯಲಾರನೆಂಬ ತಾಯಿಯ ಅಳುಕನ್ನು ಮೀರಿ 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೃಷಿ ಕಾಲೇಜನ್ನು ಸೇರಿದರು. 1927ರಲ್ಲಿ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಮುಸುಕಿನ ಜೋಳದ 10 ಬಗೆಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತಿಸಿದ ಕೀರ್ತಿಯೂ ಅವರದೇ.

1940ರ ದಶಕದಲ್ಲಿ ಅವರು ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ತಾವೇ ಬಿತ್ತಿ, ತಾವೇ ಪರಾಗಸ್ಪರ್ಶ ಮಾಡಿಸಿ, ತಲೆಮಾರಿನಿಂದ ತಲೆಮಾರಿಗೆ ಚುಕ್ಕೆಗಳ ಜಾಡು ಹಿಡಿದರು. ವರ್ಣತಂತುವಿನ ಒಂದು ತುಣುಕು ಬಣ್ಣದ ವಂಶವಾಹಿಯಲ್ಲಿ ಬಂದು ಸೇರಿದರೆ ಬಣ್ಣ ಅಡಗುತ್ತದೆ. ಕಾಳು ಬೆಳೆಯುವಾಗ ಅದು ಅಲ್ಲಿಂದ ಜಿಗಿದರೆ ಆ ಜೀವಕೋಶದ ಸಂತತಿಯಲ್ಲಿ ಬಣ್ಣ ಮರಳುತ್ತದೆ. ಬೇಗ ಜಿಗಿದರೆ ದೊಡ್ಡ ಮಚ್ಚೆ, ತಡವಾದರೆ ಸಣ್ಣ ಚುಕ್ಕೆ! ವಂಶವಾಹಿಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸ್ಥಿರವೆಂದು ನಂಬಿದ್ದ ಕಾಲವದು. 1951ರ ವಿಚಾರ ಸಂಕಿರಣದಲ್ಲಿ ಅವರ ಮಾತಿಗೆ ಹೆಚ್ಚಿನವರು ಕಿವಿಗೊಡಲಿಲ್ಲ. 1953ರ ನಂತರ ಅವರು ಈ ಕುರಿತು ನಿಯತಕಾಲಿಕೆಗಳಿಗೆ ಬರೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು, ಪ್ರಯೋಗವನ್ನು ನಿಲ್ಲಿಸಲಿಲ್ಲ. 1983ರಲ್ಲಿ, 81ನೆಯ ವಯಸ್ಸಿನಲ್ಲಿ, ನೊಬೆಲ್ ಪುರಸ್ಕಾರ ಬಂದ ಸುದ್ದಿಯನ್ನು ಅವರು ರೇಡಿಯೋದಲ್ಲಿ ಕೇಳಿದರು. 1992ರಲ್ಲಿ ನಿಧನರಾದರು.

ಅವರು ಕಂಡ ಇನ್ನೊಂದು ಸಂಗತಿಯೇ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಕೆಲವು ತುಣುಕುಗಳು ನಾಶವಾಗದೆ ನಿದ್ರಿಸಿ, ಮುಂದೊಮ್ಮೆ ಎಚ್ಚರಗೊಳ್ಳುತ್ತಿದ್ದವು. ಬರಹ ಬದಲಾಗದೆ ಅದು ಮೌನವಾಗುವುದು ಹೇಗೆ? ಉತ್ತರ ದೊರೆತದ್ದು ಬಹುಕಾಲದ ನಂತರ. ಡಿಎನ್ಎ ನೂಲು ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ; ಇವೆರಡೂ ಸೇರಿದ್ದೇ ಕ್ರೊಮಾಟಿನ್. ಸುತ್ತು ಬಿಗಿಯಾದೆಡೆ ವಂಶವಾಹಿ ಸಾಮಾನ್ಯವಾಗಿ ಮೌನ. ಸಡಿಲವಾದೆಡೆ ಅದು ಕೆಲಸ ಮಾಡಬಲ್ಲದು.

ಸಸ್ಯಹಾರ್ಮೋನುಗಳ ಆಜ್ಞೆ ನಡೆಯುವುದೂ ಈ ಸುತ್ತನ್ನು ಅವಲಂಬಿಸಿದೆ. ಮಳೆ ಕೈಕೊಟ್ಟಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸಿ ನೀರನ್ನು ಉಳಿಸುತ್ತದೆ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ, ನೀರು ಸಾಕಷ್ಟಿರುವಾಗ ಈ ಹಾರ್ಮೋನಿಗೆ ಸ್ಪಂದಿಸುವ ಒಂದು ಮುಖ್ಯ ವಂಶವಾಹಿಯನ್ನು ಬಿಗಿಸುತ್ತಿನಲ್ಲಿ ಹಿಡಿದಿಡುವ ಪ್ರೋಟೀನಿದೆ. ಅದರ ಹೆಸರು ಬ್ರಹ್ಮ! ಹಣೆಬರಹ ಬರೆಯುವ ನಮ್ಮ ಬ್ರಹ್ಮನ ಹೆಸರೇ ಅದು. ಮೊದಲು ಹಣ್ಣುನೊಣದ ವಂಶವಾಹಿಗೆ ಇಟ್ಟದ್ದು. ಈ ಪ್ರೋಟೀನಿಲ್ಲದ ಗಿಡಗಳು ಪ್ರಯೋಗದಲ್ಲಿ ಬರವನ್ನು ಚೆನ್ನಾಗಿ ತಾಳಿದವು. ಆದರೆ ಅಂಥ ಗಿಡಗಳು ಕುಳ್ಳಾಗುತ್ತವೆ, ಬೀಜವನ್ನೂ ಸರಿಯಾಗಿ ಕಟ್ಟುವುದಿಲ್ಲ. ಅಂಥ ಬೆಳೆ ನಿಮಗೆ ಬೇಡ. ಹಾಗಾಗಿ ಆ ಗಿಡಗಳು ಪ್ರಯೋಗಾಲಯದ ಕುಂಡಗಳಲ್ಲೇ ಉಳಿದಿವೆ.